ಕೆಂಪು ಧೂಳು, ಗಡಸು ನೀರು, ಖಾಲಿ ಕ್ಯಾನ್: ಕ್ಲೀನಿಂಗ್ ಕಾಂಟ್ರಾಕ್ಟಿನಲ್ಲಿ ಪೋಲು ಎಲ್ಲಿಂದ ನಿಲ್ಲಿಸಬೇಕು?

ಹಗರಿ_ಗಾಳಿ, ಬಳ್ಳಾರಿ

ಹೌಸ್‌ಕೀಪಿಂಗ್ ಕಾಂಟ್ರಾಕ್ಟ್ ಕೆಲಸದ ಪ್ರಶ್ನೆ. 18 ಜನ ಕೆಲಸಗಾರರು. ಎರಡು ಬ್ಯಾಂಕ್ ಶಾಖೆ, 30 ಹಾಸಿಗೆಯ ಒಂದು ನರ್ಸಿಂಗ್ ಹೋಮ್, ಒಂದು ಕಲ್ಯಾಣ ಮಂಟಪ, ನಾಲ್ಕು ಅಪಾರ್ಟ್‌ಮೆಂಟ್. ಇದರ ಮೇಲೆ ಟ್ಯಾಂಕ್, ಸಂಪ್ ತೊಳೆಯುವ ಕೆಲಸ. ತಿಂಗಳಿಗೆ ಹೋಗುವ ಮಾಲು: ಫ್ಲೋರ್ ಕ್ಲೀನರ್ 5 ಲೀಟರಿನ 25 ಕ್ಯಾನ್, ಬಿಳಿ ಫಿನಾಯಿಲ್ 40 ಲೀಟರ್, ಆಸಿಡ್ 15 ಲೀಟರ್, ಕಪ್ಪು ಕವರ್ 30 ಕೆ.ಜಿ., ನೂಲಿನ ಮಾಪ್ 25. ಹೊಸ ಟೆಂಡರಿನಲ್ಲಿ "ಪರಿಸರಸ್ನೇಹಿ ವಿಧಾನ, ಕಸ ವಿಂಗಡಣೆ" ಅಂತ ಒಂದು ಕಾಲಂ ಇದೆ. ಹಸಿರು ಎಲೆ ಚಿತ್ರ ಇರುವ ಕೆಮಿಕಲ್ ತಂದುಬಿಟ್ಟರೆ ಸಾಕು ಅಂತ ಡೀಲರ್ ಹೇಳ್ತಾರೆ. ನಿಜವಾಗಿ ಮೊದಲು ಕೈ ಹಾಕಬೇಕಾದ್ದು ಎಲ್ಲಿ? ಅಳತೆ ಸಮೇತ ಹೇಳಿ.

ಪರಸಿ_ಕಲ್ಲು, ರಾಯಚೂರು

ಎಲಿ ಚಿತ್ರ ಆಮ್ಯಾಲ ನೋಡೋಣ್ರಿ, ಮೊದಲು ಅಳತಿ. ಇಂಥ ಕ್ಯಾನಿನ ಮ್ಯಾಲ ಸಾಮಾನ್ಯವಾಗಿ ಲೀಟರಿಗೆ 20 ಮಿ.ಲೀ. ಅಂತ ಬರದಿರ್ತದ. 25 ಕ್ಯಾನ್ ಅಂದ್ರ 125 ಲೀಟರ್. ಆ ಲೆಕ್ಕಕ್ಕ 6,250 ಲೀಟರ್ ಒರೆಸೋ ನೀರಾಗಬೇಕು. 26 ದಿನಕ್ಕ ಭಾಗಿಸ್ರಿ: ದಿನಕ್ಕ 240 ಲೀಟರ್, 10 ಲೀಟರಿನ 24 ಬಕೆಟ್. ಒಂದು ವಾರ ಸೂಪರ್‌ವೈಸರನ್ನ ಎಲ್ಲಾ ಸೈಟಿನ ಬಕೆಟ್ ಎಣಿಸಾಕ ಹಚ್ಚ್ರಿ. 12-14 ಬಂತಂದ್ರ ಉಳಿದರ್ಧ ಕೆಮಿಕಲ್ ನೆಲದ ಮ್ಯಾಲ ಜಿಗಟಾಗಿ ಕುಂತದ ಅಂತ ತಿಳ್ಕೋರಿ.

ಆ ಜಿಗಟು ಒಣಗಿ ತೆಳ್ಳನ ಪದರ ಆಗ್ತದ. ಬಳ್ಳಾರಿ ಧೂಳು ಅದಕ್ಕ ಹತ್ತಿಕೊಳ್ತದ, ಮಧ್ಯಾಹ್ನಕ್ಕ ಚಪ್ಪಲಿ ಗುರ್ತು ಮೂಡ್ತಾವ, ಮ್ಯಾನೇಜರ್ ಬೈತಾರ, ಹುಡುಗ ಮರುದಿನ ಇನ್ನಷ್ಟು ಸುರೀತಾನ. ಬಿಳಿ ಫಿನಾಯಿಲಿಂದ ಇದು ಇನ್ನೂ ಜಾಸ್ತಿ, ಅದರಾಗಿನ ಎಣ್ಣಿ ಅಂಶ ನೆಲದಾಗ ಉಳೀತದ.

ಪರೀಕ್ಷಾ ಸರಳ ಅದ. ಒಂದು ಕೋಣಿ ಆರಿಸ್ಕೊಂಡು ಮೂರು ದಿನ ಬರೀ ನೀರಿನಾಗ ಒರೆಸ್ರಿ, ಕೆಮಿಕಲ್ ಒಂದು ಹನಿ ಬ್ಯಾಡ. ಬಕೆಟಿನಾಗ ಮಾಪ್ ಅದ್ದಿದ ಕೂಡಲೇ ನೊರಿ ಏಳ್ತದಲ್ಲ, ಅದು ನಿಮ್ಮ ಹೋದ ತಿಂಗಳ ಬಿಲ್ಲು.

ಆಮ್ಯಾಲ ಕಲಸೋ ಕೆಲಸ ಒಬ್ಬರ ಕೈಯಾಗ ಇರ್ಲಿ. ಮುಂಜಾನಿ ಗೋಡೌನಿನಾಗ ನಲ್ಲಿ ಇರೋ 20 ಲೀಟರಿನ ಕ್ಯಾನಿಗೆ ಮೊದಲು ನೀರು, ಮ್ಯಾಲ 400 ಮಿ.ಲೀ. ಕ್ಲೀನರ್. ಉಲ್ಟಾ ಹಾಕಿದ್ರ ನೊರಿ ಉಕ್ಕಿ ಅಳತಿ ತಪ್ತದ. ಸೈಟಿಗೆ ಕಲಸಿದ್ದೇ ಹೋಗ್ಲಿ, ನೀರು ಬೆರಸದ ಗಟ್ಟಿ ಕ್ಲೀನರಿನ ಕ್ಯಾನ್ ಹೋಗೋದು ಬ್ಯಾಡ. ಅಳತಿ ಲೋಟಿಲ್ಲದ ಕಡೆ "ಒಂದು ಮುಚ್ಚಳ" ಅನ್ನೋ ಮಾತೇ ಇರಬಾರದು, ಒಂದೊಂದು ಕ್ಯಾನಿನ ಮುಚ್ಚಳ ಒಂದೊಂದು ಅಳತಿ.

ಬಿಲ್_ಪಾಸ್, ಬಳ್ಳಾರಿ

ಲೆಕ್ಕ ಸರಿ. ಆದರೆ ಬ್ಯಾಂಕ್‌ನವರಿಗೆ ಫಿನಾಯಿಲ್ ವಾಸನೆ ಬರದಿದ್ದರೆ ಕೆಲಸವೇ ಆಗಿಲ್ಲ ಅಂತ ಸಹಿ ಹಾಕಲ್ಲ. ಇದಕ್ಕೆ ಉಪಾಯ ಹೇಳಿ ಮೊದಲು.

ಪರಸಿ_ಕಲ್ಲು, ರಾಯಚೂರು

ಟಾಯ್ಲೆಟ್ಟು, ಡ್ರೈನ್ ಜಾಲರಿ ಹತ್ರ ಅಷ್ಟೇ ಫಿನಾಯಿಲ್ ಇಡ್ರಿ, ಬ್ಯಾಂಕಿನ ದೊಡ್ಡ ಹಾಲ್‌ನಾಗ ಹಾಕೋದು ಬಿಡ್ರಿ. ವಾಸನಿ ಬಾಗಿಲ ತನಕ ತಾನೇ ಬರ್ತದ. 40 ಲೀಟರ್ ಇದ್ದದ್ದು 10ಕ್ಕ ಇಳೀತದ. ಸಹಿಗೆ ಚೆಕ್‌ಲಿಸ್ಟ್ ಮಾಡ್ರಿ: ಕೌಂಟರ್ ಕೆಳಗ ಬಿಳಿ ಟಿಶ್ಯೂ ಎಳೆದು ತೋರಿಸೋದು. ಬಣ್ಣ ಬರಲಿಲ್ಲಂದ್ರ ಸಹಿ.

ಗುಜರಿ_ಲೆಕ್ಕ, ಬಳ್ಳಾರಿ

ಕ್ಯಾನ್ ವಿಚಾರ ನಾನು ಹೇಳ್ತೀನಿ. 5 ಲೀಟರ್ ಕ್ಯಾನ್ ತಳ ನೋಡಿ, ತ್ರಿಕೋನದಲ್ಲಿ 2 ಅಂತ ಇರುತ್ತೆ. ಅದು ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್, ಗುಜರಿಯಲ್ಲಿ ಒಳ್ಳೆ ಬೇಡಿಕೆ ಇರೋ ಮಾಲು. ಆದ್ರೆ ಒಳಗೆ ಕೆಮಿಕಲ್ ಉಳಿದಿದ್ರೆ, ಮೇಲೆ ಸ್ಟಿಕ್ಕರ್ ಸುತ್ತಿದ್ರೆ ಬೆಲೆ ಬೀಳುತ್ತೆ. ಮೂರು ಸಲ ಗಲಬರಿಸಬೇಕು. ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಅರ್ಧ ನಿಮಿಷ ಅಲ್ಲಾಡಿಸಿ, ಆ ನೀರನ್ನ ಚರಂಡಿಗಲ್ಲ, ಅವತ್ತು ಕಲಸೋ 20 ಲೀಟರಿಗೇ ಸುರಿಯೋದು. ಗೋಡೆಗೆ ಅಂಟಿದ ಗಟ್ಟಿ ಕ್ಲೀನರ್ ಹಂಗೆ ಹೋದ್ರೆ ನಷ್ಟ ಯಾರಿಗೆ? ಮುಚ್ಚಳ ಬೇರೆ ಜಾತಿ ಪ್ಲಾಸ್ಟಿಕ್, ಬಹಳಷ್ಟು 5 ನಂಬರ್, ಅದನ್ನ ಬೇರೆ ಚೀಲದಲ್ಲಿ ಹಾಕಿ.

ಡೀಲರ್‌ಗೆ ಹೇಳಿ 35 ಅಥವಾ 50 ಲೀಟರ್ ಡ್ರಮ್ಮಿನಲ್ಲಿ ತರಿಸಿ, ಖಾಲಿ ಡ್ರಮ್ ವಾಪಸ್ ತಗೊಳ್ಳೋ ಷರತ್ತು ಬಿಲ್ಲಿನಲ್ಲೇ ಬರೆಸಿ. ಹಂಗೆ ಮಾಡಿದ್ರೆ ತಿಂಗಳಿಗೆ 25 ಕ್ಯಾನ್ ಹುಟ್ಟೋದೇ ಇಲ್ಲ.

ಹಗರಿ_ಗಾಳಿ, ಬಳ್ಳಾರಿ

ಖಾಲಿ ಕ್ಯಾನ್ ಕೆಲಸದವರೇ ಕೇಳಿ ಒಯ್ತಾರೆ, ಮನೆಯಲ್ಲಿ ನೀರು ಹಿಡಿಯೋಕೆ. ವಾರಕ್ಕೊಂದು ಸಲ ನಲ್ಲಿ ಬರೋ ಓಣಿಗಳಲ್ಲಿ ಅದಕ್ಕೆ ಬೇಡಿಕೆ ಬಹಳ. ಮರುಬಳಕೆನೇ ಅಲ್ವಾ?

ಕೆಂಪು_ಚೀಲ, ರಾಯಚೂರು

ಅಣ್ಣಾ, ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಎಚ್‌ಡಿಪಿಇ ಗೋಡೆಯೊಳಗೆ ಸ್ವಲ್ಪ ಕೆಮಿಕಲ್ ಹೀರಿಕೊಂಡಿರುತ್ತದೆ. ಎಷ್ಟು ತೊಳೆದರೂ ವಾಸನೆ ಉಳಿಯೋದು ಅದಕ್ಕೇ. ಕುಡಿಯುವ ನೀರಿಗೆ, ಮಜ್ಜಿಗೆಗೆ, ಅಡುಗೆ ಎಣ್ಣೆಗೆ ಅದು ಸಲ್ಲ. ಆಸಿಡ್ ಕ್ಯಾನ್ ಅಂತೂ ಮನೆಯೊಳಗೇ ಹೋಗಬಾರದು. ಮಕ್ಕಳಿಗೆ ಬಣ್ಣ ನೋಡಿ ಯಾವುದು ನೀರು ಯಾವುದು ಆಸಿಡ್ ಅಂತ ಗೊತ್ತಾಗಲ್ಲ. ಗಲಬರಿಸಿದ ಮೇಲೆ ಪಕ್ಕಕ್ಕೆ ಕಾಯಿಸಿದ ಮೊಳೆಯಿಂದ ಎರಡು ತೂತು ಹೊಡೆದು ಗುಜರಿಗೆ ಹಾಕಿ. ತೂತಿದ್ದರೂ ತೂಕಕ್ಕೆ ಏನೂ ಕಡಿಮೆ ಆಗಲ್ಲ. ಕೆಲಸದವರಿಗೆ ನೀರಿನ ಕ್ಯಾನ್ ಬೇಕೇ ಬೇಕು ಅಂದರೆ ಗುಜರಿ ದುಡ್ಡಿನಲ್ಲಿ ಹೊಸ ಕ್ಯಾನ್ ಕೊಡಿಸಿ.

ಗುಜರಿ_ಲೆಕ್ಕ, ಬಳ್ಳಾರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ತೂತು ಹೊಡೆಯೋದು ಗಲಬರಿಸಿದ ಮೇಲೆ ಮಾತ್ರ. ಫಿನಾಯಿಲ್, ಥಿನ್ನರ್ ಉಳಿದ ಕ್ಯಾನಿಗೆ ಬಿಸಿ ಮೊಳೆ ತಾಗಿಸಬೇಡಿ, ಆವಿ ಹೊತ್ತಿಕೊಳ್ಳುತ್ತೆ. ಡ್ರಿಲ್ ಇದ್ರೆ ಡ್ರಿಲ್ಲೇ ಒಳ್ಳೇದು.

ಹಗರಿ_ಗಾಳಿ, ಬಳ್ಳಾರಿ

ಸರಿ, ಕ್ಯಾನ್ ಇವತ್ತಿಂದ ಬಂದ್. ಆಸಿಡ್ ಬದಲು ಮೋಸಂಬಿ ಸಿಪ್ಪೆಯ ಬಯೋ ಎನ್ಜೈಮ್ ಮಾಡಿ ಅಂತ ಸುಮಾರು ಜನ ಹೇಳ್ತಾರೆ. ಜ್ಯೂಸ್ ಅಂಗಡಿ ಸಿಪ್ಪೆ ಪುಕ್ಕಟೆ ಸಿಗುತ್ತೆ. ಹೇಗೆ?

ಶೇಂಗಾ_ಹೊಟ್ಟು, ಕೊಪ್ಪಳ

ಅಳತಿ 1:3:10. ಬೆಲ್ಲ 1 ಕೆ.ಜಿ., ಸಿಪ್ಪಿ 3 ಕೆ.ಜಿ., ನೀರು 10 ಲೀಟರ್. 20 ಲೀಟರಿನ ಪ್ಲಾಸ್ಟಿಕ್ ಡಬ್ಬಿ ತಗೋರಿ, ಗಾಜು ಬ್ಯಾಡ. ಮೇಲೆ ಕಾಲುಭಾಗ ಖಾಲಿ ಇರ್ಲಿ. ಮೊದಲ ತಿಂಗಳು ದಿನಾ ಒಂದು ಸಲ ಮುಚ್ಚಳ ಸಡಿಲ ಮಾಡಿ ಗ್ಯಾಸ್ ಬಿಡಬೇಕು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಾಗ 40 ಡಿಗ್ರಿ ದಾಟತೈತಿ, ಎರಡು ದಿನ ಮರೆತ್ರ ಡಬ್ಬಿ ಉಬ್ಬಿ ಮುಚ್ಚಳ ಹಾರತೈತಿ. 90 ದಿನ ಆದಮ್ಯಾಲೆ ಸೋಸಿ, ಲೀಟರ್ ನೀರಿಗೆ 40-50 ಮಿ.ಲೀ. ಹಾಕಿ ಒರೆಸ್ರಿ. ಉಳಿದ ಸಿಪ್ಪಿ ತಿರುಳು ಕಾಂಪೋಸ್ಟಿಗೆ. ನೀಲಿ, ಕರಿ ಬೂಸರು ಬಂದು ಕೊಳೆತ ವಾಸನಿ ಹೊಡೆದ್ರ ಬೆಲ್ಲ ಕಡಿಮಿ ಬಿದ್ದೈತಿ ಅಂತ ಅರ್ಥ. ಬಿಳಿ ಪದರ ಬಂದ್ರ ಚಿಂತಿಲ್ಲ.

ಪರಸಿ_ಕಲ್ಲು, ರಾಯಚೂರು

ತಡೀರಿ ತಡೀರಿ. ಎಲ್ಲಿ ಒರೆಸೋದು ಅಂತ ಕೇಳಲೇ ಇಲ್ಲಲ್ರಿ? ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೇ ಕಟ್ಟಡಗಳಾಗ ಅರ್ಧಕ್ಕರ್ಧ ಶಹಾಬಾದ್ ಪರಸಿ. ಅದು ಸುಣ್ಣದ ಕಲ್ಲು. ಎನ್ಜೈಮ್ ಹುಳಿ ಅದ, ಪಿಎಚ್ 3-4ರ ಹತ್ರ. ಸುಣ್ಣದ ಕಲ್ಲಿಗೆ ಹುಳಿ ಬಿತ್ತಂದ್ರ ಕಲ್ಲೇ ಕರಗ್ತದ, ಆಸಿಡ್ ಹಾಕಿದ್ರ ಬುಸ್ಸಂತ ನೊರಿ ಬರ್ತದಲ್ಲ ಅದೇ ಕೆಲಸ, ಸ್ವಲ್ಪ ಸಾವಕಾಶ ಅಷ್ಟೇ. ಹೊಳಪು ಹೋಗಿ ಬೂದಿ ಬಣ್ಣ ಆಗ್ತದ, ಕಲ್ಲಿನ ಮೈ ಒರಟಾಗ್ತದ, ಒರಟಾದ ಮ್ಯಾಲ ಧೂಳು ಇನ್ನೂ ಒಳಗ ಕುಂದರ್ತದ. ನಿಂಬಿ ರಸ, ವಿನೆಗರ್, ಸಿಟ್ರಿಕ್ ಎಲ್ಲಾದಕ್ಕೂ ಇದೇ ಮಾತು. ಅಮೃತಶಿಲೆ, ಮೊಸಾಯಿಕ್, ಸಿಮೆಂಟ್ ನೆಲಕ್ಕೂ ಅಷ್ಟೇ.

ಗೊತ್ತಾಗಲಿಲ್ಲಂದ್ರ ಕಪಾಟಿನ ಕೆಳಗ ಒಂದು ಮೂಲಿಯಾಗ ಎರಡು ಹನಿ ನಿಂಬಿ ರಸ ಹಾಕಿ ಐದು ನಿಮಿಷ ಬಿಟ್ಟು ಒರೆಸ್ರಿ. ಮಂಕು ಗುರ್ತು ಬಿತ್ತಂದ್ರ ಸುಣ್ಣದ ಕಲ್ಲು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಆದ್ರ ಏನೂ ಆಗಂಗಿಲ್ಲ, ಅಲ್ಲಿ ಎನ್ಜೈಮ್ ನಡೀತದ. ಆದ್ರ ಅದು ಕ್ರಿಮಿನಾಶಕ ಅಲ್ಲ. ನರ್ಸಿಂಗ್ ಹೋಮಿನಾಗ ಅದನ್ನ ಒಳಗ ತರಬ್ಯಾಡ್ರಿ.

ಶೇಂಗಾ_ಹೊಟ್ಟು, ಕೊಪ್ಪಳ

ಪರಸಿ ವಿಚಾರ ಒಪ್ಪಿದೆ. ಅಪಾರ್ಟ್‌ಮೆಂಟಿನ ಟೈಲ್ಸಿಗೆ, ಟಾಯ್ಲೆಟ್ ಕಮೋಡಿಗೆ ಇಟ್ಕೋರಿ.

ಹಗರಿ_ಗಾಳಿ, ಬಳ್ಳಾರಿ

ಹಾಗಾದ್ರೆ ಟಾಯ್ಲೆಟ್ಟಿನ ಬಿಳಿ ಕರೆಗೆ ಆಸಿಡ್ ಬದಲು ಏನು? ಬೋರ್ ನೀರು, ಕಮೋಡ್ ತುಂಬಾ ಕಲ್ಲಿನ ಥರ ಕಟ್ಟಿರುತ್ತೆ.

ನೀರ_ತೊಟ್ಟಿ, ಕೊಪ್ಪಳ

ಸಿಟ್ರಿಕ್ ಆಸಿಡ್ ಪುಡಿ. ಪಿಂಗಾಣಿ ಮ್ಯಾಲೆ ಮಾತ್ರ. ಲೀಟರ್ ಬಿಸಿ ನೀರಿಗೆ 100 ಗ್ರಾಂ. ಮೊದಲು ಬ್ರಷ್ಷಿನಿಂದ ಕಮೋಡಿನ ನೀರು ಒಳಗ ತಳ್ಳಿಬಿಡ್ರಿ, ಇಲ್ಲಂದ್ರ ಔಷಧ ತೆಳ್ಳಗಾಗತೈತಿ. ಹಳೇ ಬಟ್ಟಿ ತುಂಡು ಇದರಾಗ ಅದ್ದಿ ಕರೆ ಕಟ್ಟಿದ ಜಾಗಕ್ಕ ಹಚ್ಚಿ ರಾತ್ರಿಪೂರ್ತಿ ಬಿಡ್ರಿ. ಮುಂಜಾನಿ ಬ್ರಷ್ ಹಾಕಿದ್ರ ಪದರಪದರಾಗಿ ಏಳತೈತಿ. ದಪ್ಪ ಇದ್ರ ಎರಡು-ಮೂರು ರಾತ್ರಿ. ಆಮೇಲೆ ವಾರಕ್ಕೊಮ್ಮೆ 50 ಗ್ರಾಂ ಸಾಕು, ಮತ್ತ ಕಟ್ಟಂಗಿಲ್ಲ.

ಒಂದು ಮಾತು ಗೋಡೌನ್ ಗೋಡಿ ಮ್ಯಾಲೆ ಬರೀರಿ: ಬ್ಲೀಚಿಂಗ್ ಪುಡಿ ಅಥವಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ನೀರಿನ ರೂಪದ ಬ್ಲೀಚ್) ಜೊತಿ ಯಾವ ಆಸಿಡ್ಡೂ ಕೂಡಬಾರದು, ಸಿಟ್ರಿಕ್ ಆಗ್ಲಿ, ಎನ್ಜೈಮ್ ಆಗ್ಲಿ. ಕ್ಲೋರಿನ್ ಗ್ಯಾಸ್ ಬರತೈತಿ. ಸಣ್ಣ ಬಾತ್‌ರೂಮಿನಾಗ ಬಾಗಿಲು ಹಾಕ್ಕೊಂಡು ತೊಳಿಯೋರಿಗೆ ಅದು ಉಸಿರಿನ ಮ್ಯಾಲೆ ಬರೋ ಮಾತು. ಆಸಿಡ್ ಇವತ್ತು, ಹೈಪೋ ನಾಳೆ, ನಡುವ ಎರಡು ಸಲ ಫ್ಲಶ್.

ಕೆಂಪು_ಚೀಲ, ರಾಯಚೂರು

ಹೈಪೋ ಬಗ್ಗೆ ನಾನೂ ಸೇರಿಸ್ತೀನಿ. 5% ಹೈಪೋ ಇದ್ದರೆ ಲೀಟರಿಗೆ 20 ಮಿ.ಲೀ. ಹಾಕಿದಾಗ 0.1% ಆಗುತ್ತದೆ. ಮಾಮೂಲಿ ನೆಲಕ್ಕೆ, ಮಂಚದ ಕಂಬಿಗೆ ಅದು ಸಾಕು. ರಕ್ತ ಚೆಲ್ಲಿದ ಜಾಗಕ್ಕೆ 1%, ಅಂದರೆ ಒಂದು ಪಾಲು ಹೈಪೋಗೆ ನಾಲ್ಕು ಪಾಲು ನೀರು. ಪೋಲಾಗೋದು ಇಲ್ಲಿ: ಬಿಸಿಲಿಗೆ ಹೈಪೋ ಶಕ್ತಿ ಕಳೆದುಕೊಳ್ಳುತ್ತದೆ. ತಗಡಿನ ಶೆಡ್ಡಿನಲ್ಲಿ, ರಾಯಚೂರಿನ ಬೇಸಿಗೆಯಲ್ಲಿ ಇಟ್ಟ ಕ್ಯಾನಿನ ಮೇಲೆ 5% ಅಂತ ಬರೆದಿದ್ದರೂ ಒಳಗೆ ಅಷ್ಟಿರಲ್ಲ. ಆರು ತಿಂಗಳಿನ ಮಾಲು ಒಟ್ಟಿಗೆ ಕೊಂಡರೆ ಅಗ್ಗ ಅನಿಸುತ್ತದೆ, ಕೊನೆಯ ಕ್ಯಾನ್ ಬರೀ ಉಪ್ಪು ನೀರು. ತಿಂಗಳಿಗೆ ಬೇಕಾದಷ್ಟೇ ತರಿಸಿ, ತಯಾರಿಸಿದ ತಾರೀಖು ನೋಡಿ ತಗೊಳ್ಳಿ, ಕತ್ತಲ ಮೂಲೆಯಲ್ಲಿ ನೆಲದ ಮೇಲಿಡಿ. ಕಲಸಿದ್ದು ಅವತ್ತಿಗೆ ಮಾತ್ರ. ಕೊಳೆ ಇರುವ ನೆಲದ ಮೇಲೆ ಹೈಪೋ ಹಾಕಿದರೆ ಕೊಳೆಯೇ ಅದನ್ನು ತಿಂದುಬಿಡುತ್ತದೆ. ಮೊದಲು ಸೋಪು ನೀರು, ಆಮೇಲೆ ಹೈಪೋ.

ಈಗ ಕಸದ ಡಬ್ಬಿ, ಚೀಲದ ಬಣ್ಣದ ಗೊಂದಲ. ನಿಮ್ಮ ಹುಡುಗರು ಬೆಳಗ್ಗೆ ಅಪಾರ್ಟ್‌ಮೆಂಟ್, ಮಧ್ಯಾಹ್ನ ನರ್ಸಿಂಗ್ ಹೋಮ್ ಮಾಡಿದರೆ ಇದು ಖಂಡಿತ ಆಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ, ಕೆಂಪು ಬಳಸಿದ ಸ್ಯಾನಿಟರಿ ಪ್ಯಾಡು, ಡಯಾಪರಿಗೆ. ಆಸ್ಪತ್ರೆಯಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಕೆಂಪು ಅಂದರೆ ಸಲೈನ್ ಪೈಪು, ಗ್ಲೌಸು, ಸೂಜಿ ತೆಗೆದ ಸಿರಿಂಜು. ನೀಲಿ ಅಂದರೆ ಗಾಜು. ಹಳದಿ ಅಂದರೆ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು. ಬಿಳಿ ಗಟ್ಟಿ ಡಬ್ಬಿ ಸೂಜಿ, ಬ್ಲೇಡಿಗೆ. ಅದೇ ಬಣ್ಣ, ಬೇರೆ ಅರ್ಥ! ಪ್ಯಾಡನ್ನು ಆಸ್ಪತ್ರೆಯ ಕೆಂಪು ಚೀಲಕ್ಕೆ ಹಾಕಿದರೆ ಇಡೀ ಚೀಲ ಮರುಬಳಕೆಗೆ ಹೋಗಲ್ಲ. ಆದ್ದರಿಂದ ಆಸ್ಪತ್ರೆಗೆ ಬೇರೆ ತಂಡ ಇಡಿ. ಆಗದಿದ್ದರೆ ಡಬ್ಬಿಯ ಮೇಲೆ ಅಕ್ಷರ ಬರೆಸಬೇಡಿ, ಸಿರಿಂಜು, ಬ್ಯಾಂಡೇಜು, ಬಾಟಲಿಯ ಚಿತ್ರ ಅಂಟಿಸಿ. ಸಲೈನ್ ಬಾಟಲಿ ಗುಜರಿಗೆ ಹೋಗಲೇಬಾರದು, ಎಷ್ಟೇ ದುಡ್ಡು ಸಿಕ್ಕರೂ. 48 ಗಂಟೆಯೊಳಗೆ ಅಧಿಕೃತ ಗಾಡಿಗೆ ಹೋಗಬೇಕು.

ಬಿಲ್_ಪಾಸ್, ಬಳ್ಳಾರಿ

ಟ್ರಾಲಿಯಲ್ಲಿ ಒಂದೇ ಚೀಲ ಇದ್ದರೆ ಮಹಡಿ ಮೇಲೆ ಎಷ್ಟು ಡಬ್ಬಿ ಇಟ್ಟರೇನು? ಮೂರು ಡಬ್ಬಿಯಿಂದ ಎತ್ತಿ ಒಂದೇ ಕಪ್ಪು ಕವರಿಗೆ ಸುರಿಯೋದು ಎಲ್ಲಾ ಕಡೆ ನಡೀತಿದೆ, ನೋಡಿದವರು ಮರುದಿನದಿಂದ ತಾವೂ ಬೇರೆ ಮಾಡಲ್ಲ. ಮೊದಲು ಟ್ರಾಲಿ ಬದಲಿಸಿ. ಎರಡು ಕಬ್ಬಿಣದ ರಿಂಗು, ಎರಡು ಚೀಲ, ಪಕ್ಕಕ್ಕೆ ಒಂದು ಮುಚ್ಚಳದ ಸಣ್ಣ ಬಕೆಟ್. ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡ್ತಾರೆ.

ಕಪ್ಪು ಕವರ್ 30 ಕೆ.ಜಿ.ಯಲ್ಲಿ ಮುಕ್ಕಾಲು ಭಾಗ ಬೇಡವೇ ಬೇಡ. ಬ್ಯಾಂಕಿನ ಮೇಜಿನ ಕೆಳಗಿನ ಡಬ್ಬಿಯಲ್ಲಿ ಬೀಳೋದು ಕಾಗದ ಮಾತ್ರ, ಅದಕ್ಕೆ ಕವರ್ ಯಾಕೆ? ಕವರ್ ತೆಗೆದು ಡಬ್ಬಿಯನ್ನು ನೇರ ಟ್ರಾಲಿ ಚೀಲಕ್ಕೆ ಬಗ್ಗಿಸಿ. ಟೀ ಕುಡಿಯೋ ಜಾಗದಲ್ಲಿ ಮಾತ್ರ ಒಂದು ಹಸಿ ಡಬ್ಬಿ, ತಳಕ್ಕೆ ಎರಡು ಹಾಳೆ ಪೇಪರ್. "ಬಯೋ ಡಿಗ್ರೇಡಬಲ್" ಅಂತ ಬರೆದ ಕವರ್ ನಂಬಬೇಡಿ. ಕಾಂಪೋಸ್ಟ್ ಆಗುವ ಕವರ್ ಆದರೆ ಐಎಸ್ 17088 ಎಂಬ ಭಾರತೀಯ ಮಾನಕದ ಗುರುತು, ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಸರ್ಟಿಫಿಕೇಟ್ ಸಂಖ್ಯೆ ಇರಬೇಕು.

ಗುಜರಿ_ಲೆಕ್ಕ, ಬಳ್ಳಾರಿ

ಬ್ಯಾಂಕ್ ಕಾಗದದಲ್ಲಿ ಒಂದು ತಕರಾರು ಐತೆ. ಎಟಿಎಂ ಸ್ಲಿಪ್, ಟೋಕನ್ ಚೀಟಿ ಥರ್ಮಲ್ ಪೇಪರ್, ಉಗುರಿನಿಂದ ಗೀರಿದ್ರೆ ಕಪ್ಪಾಗುತ್ತೆ. ಅದು ರದ್ದಿಗೂ ಬೇಡ, ಕಾಂಪೋಸ್ಟಿಗೂ ಬೇಡ, ಅದರ ಮೇಲಿನ ಲೇಪ ಕೆಟ್ಟದ್ದು. ಎಟಿಎಂ ಪಕ್ಕದ ಡಬ್ಬಿನ ಬೇರೆನೇ ಇಡಿ. ಶ್ರೆಡ್ಡರಿನ ಚೂರಿಗೆ ರದ್ದಿಯವರು ಕಡಿಮೆ ಕೊಡ್ತಾರೆ, ನಾರು ತುಂಡಾಗಿರುತ್ತೆ, ಚೀಲದಲ್ಲಿ ಹಿಡಿಯೋದೂ ಕಷ್ಟ. ಅದನ್ನ ಕಾಂಪೋಸ್ಟಿನ ಒಣ ಪದಾರ್ಥಕ್ಕೆ ಬಳಸಿ. ಹಾಲಿನ ಪ್ಯಾಕೆಟ್ ಮೂಲೆ ಪೂರ್ತಿ ಕತ್ತರಿಸದೆ ನೇತಾಡೋ ಹಂಗೆ ಕೊಯ್ದು, ತೊಳೆದು ಒಣಗಿಸಿ ಇಡ್ರಿ. ಆ ಉಗುರಿನಷ್ಟು ತುಂಡೇ ಚರಂಡಿಗೆ ಹೋಗೋದು.

ಹಗರಿ_ಗಾಳಿ, ಬಳ್ಳಾರಿ

ಮಾಪ್ ವಿಚಾರ ಯಾರೂ ಹೇಳಲಿಲ್ಲ. ತಿಂಗಳಿಗೆ 25 ಹಾಳಾಗ್ತವೆ. ಸಂಡೂರು ರಸ್ತೆ ಲಾರಿಗಳ ಕೆಂಪು ಧೂಳು, ಆಷಾಢದ ಗಾಳಿ. ಎಷ್ಟು ಬ್ಲೀಚ್ ಹಾಕಿದ್ರೂ ಕೆಂಪು ಹೋಗಲ್ಲ.

ಪರಸಿ_ಕಲ್ಲು, ರಾಯಚೂರು

ಬ್ಲೀಚಿಗೆ ಹೋಗೋದಲ್ಲ ಅದು. ಅದಿರಿನ ಧೂಳು ಮೊದಲೇ ತುಕ್ಕಿನ ಜಾತಿ, ಕಬ್ಬಿಣದ ಆಕ್ಸೈಡು. ಬ್ಲೀಚ್ ಮಾಡೋ ಕೆಲಸ ಆಕ್ಸಿಡೈಸ್ ಮಾಡೋದು. ಆಗ್ಲೇ ಆಗಿದ್ದನ್ನ ಇನ್ನೇನು ಮಾಡ್ತದ? ನೂಲು ಮಾತ್ರ ಸಾಯ್ತದ. ಬೋರ್ ನೀರಿನಾಗ ಕರಗಿದ ಕಬ್ಬಿಣ ಇತ್ತಂದ್ರ ಬ್ಲೀಚ್ ಅದನ್ನೂ ಬಟ್ಟಿ ಮ್ಯಾಲ ಕೆಂಪಗ ಕೂಡಿಸ್ತದ. ಧೂಳನ್ನ ಒಣಗಿದ್ದಾಗಲೇ ತೆಗೀಬೇಕು.

ಕ್ರಮ ಹಿಂಗ ಇರ್ಲಿ. ಬಾಗಿಲ ಹೊರಗ ತೆಂಗಿನ ನಾರಿನ ಮ್ಯಾಟು, ಒಳಗ ಬಟ್ಟಿ ಮ್ಯಾಟು, ಎರಡೂ ಸೇರಿ ನಾಕು ಹೆಜ್ಜಿ ಉದ್ದ. ಮ್ಯಾಟು ಪೈಪಿನ ನೀರಿನಿಂದ ತೊಳಿಬ್ಯಾಡ್ರಿ, ಗ್ವಾಡಿಗೆ ಬಡಿದು ಜಾಡಿಸ್ರಿ. ಒಳಗ ಮೊದಲು ಒಣ ಡಸ್ಟ್ ಮಾಪ್, ಆಮ್ಯಾಲ ತೇವದ್ದು. ಧೂಳಿರೋ ನೆಲಕ್ಕ ನೇರ ಒದ್ದಿ ಮಾಪ್ ಹಾಕಿದ್ರ ಕೆಸರು ಕಲಸಿ ಹಚ್ಚಿದಂಗ. ಶಕ್ತಿನಗರ ಕಡೆ ಥರ್ಮಲ್ ಬೂದಿಗೂ ಇದೇ, ನೀರು ಕಂಡ ಕೂಡಲೇ ಪೇಸ್ಟು.

ನೂಲಿನ ಮಾಪ್ ಬಿಟ್ಟು 40 ಸೆಂ.ಮೀ. ಮೈಕ್ರೋಫೈಬರ್ ಚಪ್ಪಟೆ ಪ್ಯಾಡಿಗೆ ಬರ್ರಿ. ಮುಂಜಾನಿ ಒಂದೊಂದು ಪ್ಯಾಡಿಗೆ 150-200 ಮಿ.ಲೀ. ಕಲಸಿದ ನೀರು ಹಾಕಿ ಡಬ್ಬಿಯಾಗ ಮಡಚಿಡ್ರಿ. ಒಂದು ಪ್ಯಾಡು 20 ಚದರ ಮೀಟರ್, ಅಂದ್ರ ಒಂದು ಕೋಣಿ ಮತ್ತ ಸ್ವಲ್ಪ. ಕೊಳಿ ಆದದ್ದು ಚೀಲಕ್ಕ, ಹೊಸದು ಹಾಕೋದು. ಬಕೆಟ್ಟೇ ಇಲ್ಲ. ಸಾವಿರ ಚದರಡಿಗೆ ಐದು ಪ್ಯಾಡು, ಒಂದು ಲೀಟರ್ ನೀರು.

ತೊಳಿಯೋ ಮೊದಲು ಪ್ಯಾಡನ್ನ ಒಣಗಿಸಿ ಒಂದಕ್ಕೊಂದು ಬಡೀರಿ, ಕೆಂಪು ಹೊಗಿ ಏಳ್ತದ ನೋಡ್ರಿ, ಮಾಸ್ಕ್ ಹಾಕ್ಕೋರಿ. ಆಮ್ಯಾಲ ಬರೀ ತಣ್ಣೀರಿನಾಗ ಒಮ್ಮಿ ಜಾಲಿಸಿ, ಆಮ್ಯಾಲ ಮಷೀನು. ಸೋಪು ಅರ್ಧ ಅಳತಿ, ಕಂಫರ್ಟ್ ಥರ ಬಟ್ಟಿ ಮೆತ್ತಗ ಮಾಡೋ ದ್ರವ ಬ್ಯಾಡ, ಬ್ಲೀಚ್ ಬ್ಯಾಡ, ನೀರು 60 ಡಿಗ್ರಿ ಮೀರೋದು ಬ್ಯಾಡ. ಹತ್ತಿ ಬಟ್ಟಿ ಜೊತಿ ಹಾಕಿದ್ರ ಜುಂಗು ಎಳಿಯೊಳಗ ಸಿಕ್ಕೊಂಡು ಪ್ಯಾಡು ಸತ್ತಂಗೇ. ಗಡಸು ನೀರಿನಿಂದ ಬಿರುಸಾಗಿದ್ರ 15 ತೊಳಿತಕ್ಕೊಮ್ಮಿ ಕಡೀ ಜಾಲಿಸೋ 10 ಲೀಟರ್ ನೀರಿಗೆ 25 ಗ್ರಾಂ ಸಿಟ್ರಿಕ್ ಹಾಕ್ರಿ, ಮತ್ತ ಮೆತ್ತಗ ಆಗ್ತದ.

ಬಿಲ್_ಪಾಸ್, ಬಳ್ಳಾರಿ

ಮೈಕ್ರೋಫೈಬರ್ ಅಂದರೆ ಪ್ಲಾಸ್ಟಿಕ್ಕೇ ತಾನೆ, ತೊಳೆದಾಗ ಸಣ್ಣ ಎಳೆ ನೀರಿಗೆ ಹೋಗಲ್ವಾ? ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಘಟಕಗಳ ಕಟ್ ಪೀಸ್ ಚೀಲಗಟ್ಟಲೆ ಬಿದ್ದಿರುತ್ತೆ. ಅದನ್ನೇ ಒರೆಸೋ ಬಟ್ಟೆ ಮಾಡಬಾರದೇಕೆ?

ಗುಜರಿ_ಲೆಕ್ಕ, ಬಳ್ಳಾರಿ

ಮಾಡಬಹುದು, ಆದ್ರೆ ತಂದ ಹಂಗೇ ಆಗಲ್ಲ. ಕಟಿಂಗ್ ಟೇಬಲ್ಲಿನಿಂದ ಬರೋ ಡೆನಿಮ್ ಇನ್ನೂ ವಾಷಿಂಗಿಗೆ ಹೋಗಿರಲ್ಲ. ಎಳೆಗೆ ಗಂಜಿ ಹಾಕಿರುತ್ತೆ, ರಟ್ಟಿನ ಹಂಗೆ ಸೆಟೆದಿರುತ್ತೆ. ನೀರು ಹನಿಸಿ ನೋಡಿ, ಮುತ್ತಿನ ಹಂಗೆ ಮೇಲೇ ನಿಲ್ಲುತ್ತೆ, ಹೀರಲ್ಲ. ಎರಡನೇದು ಇಂಡಿಗೋ ನೀಲಿ. ಹಸಿ ಡೆನಿಮ್‌ನಿಂದ ಬಿಳಿ ಗೋಡೆ ಒರೆಸಿದ್ರೆ ಗೋಡೆ ನೀಲಿ.

ರಾತ್ರಿ ಇಡೀ ನೀರಲ್ಲಿ ನೆನೆಹಾಕಿ, ಬೆಳಗ್ಗೆ 60 ಡಿಗ್ರಿ ಬಿಸಿನೀರು, ಸೋಪಿನ ಪುಡಿ ಹಾಕಿ ಎರಡು ಸಲ ತೊಳೀರಿ. ನೀರಿನ ಹನಿ ತಕ್ಷಣ ಇಂಗಿದ್ರೆ ಗಂಜಿ ಹೋಯ್ತು ಅಂತ. ಹೊಲಿಗೆ, ಜಿಪ್ಪು, ತಾಮ್ರದ ಬಟನ್ ಇರೋ ತುಂಡು ಬೇರೆ ತೆಗೀರಿ, ಗ್ರಾನೈಟಿಗೆ ಗೀರು ಬೀಳುತ್ತೆ. ಎಳೆದ್ರೆ ಹಿಗ್ಗೋ ಡೆನಿಮ್ ಕಡಿಮೆ ಹೀರುತ್ತೆ, ಅದನ್ನ ಗ್ರೀಸ್, ಜನರೇಟರ್ ರೂಮಿಗೆ ಇಡಿ. ಒಳ್ಳೇದನ್ನ ಟಾಯ್ಲೆಟ್ ಕಟ್ಟೆ, ಪಾರ್ಕಿಂಗ್, ಗೇಟು, ಕಿಟಕಿ ಗ್ರಿಲ್ಲಿಗೆ. ಒಳಗಿನ ಬಿಳಿ ಜಾಗಕ್ಕೆ ಬೇಡವೇ ಬೇಡ. ಆಯಿಲ್ ಒರೆಸಿದ ಬಟ್ಟೆ ಗುಡ್ಡೆ ಹಾಕಬೇಡಿ. ಪೇಂಟಿನ ಎಣ್ಣೆ, ವಾರ್ನಿಶ್ ಆದ್ರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ತಗಡಿನ ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಇಡಿ, ಒಣ ಕಸದ ಗಾಡಿಗೆ ಕೊಡಬೇಡಿ.

ಎಳೆ ವಿಚಾರ: ಮಷೀನಿನ ನೀರು ಬಿಡೋ ಪೈಪಿಗೆ ಹಳೇ ನೈಲಾನ್ ಸಾಕ್ಸ್ ಎರಡು ಪದರ ಕಟ್ಟಿದ್ರೆ ದಪ್ಪ ಜುಂಗು ನಿಲ್ಲುತ್ತೆ. ಪೂರ್ತಿ ನಿಲ್ಲಲ್ಲ.

ನೀರ_ತೊಟ್ಟಿ, ಕೊಪ್ಪಳ

ಟ್ಯಾಂಕ್ ತೊಳಿಯೋರು ಎಷ್ಟು ನೀರು ಹಾಳ ಮಾಡ್ತಾರ ಅನ್ನೋದು ಬರೀರಿ ಅಂದ್ರ ಒಂದು ಪುಸ್ತಕ ಆಗತೈತಿ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಎಲ್ಲರೂ ಟಿಎಂಸಿ ಲೆಕ್ಕ ಹಾಕಿದ್ರು. ಮನಿ ಮ್ಯಾಲಿನ 1,000 ಲೀಟರ್ ಚರಂಡಿಗೆ ಬಿಡೋವಾಗ ಮಾತ್ರ ಯಾರಿಗೂ ಲೆಕ್ಕಿಲ್ಲ.

ಎರಡು ದಿನ ಮೊದಲೇ ಗಿರಾಕಿಗೆ ಫೋನ್ ಮಾಡಿ ವಾಲ್ ಬಂದ್ ಮಾಡಿಸ್ರಿ, ಟ್ಯಾಂಕಿನ ನೀರು ಬಳಸಿ ಖಾಲಿ ಮಾಡ್ಲಿ. ತಳದಾಗ ನಾಲ್ಕು ಬೆರಳು ಉಳಿದಾಗ ಹೋಗ್ರಿ. ಆ ನೀರಿನಾಗೇ ಬ್ರಷ್ ಉಜ್ಜೋದು, ಕೆಸರು ವೆಟ್ ವ್ಯಾಕ್ಯೂಮಿನಿಂದ ಎಳೆದು ಗಿಡದ ಬುಡಕ್ಕ. ಕ್ಲೋರಿನ್ ಹಾಕೋದಕ್ಕ ಟ್ಯಾಂಕ್ ತುಂಬಿಸಿ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್) ಮಾಡ್ತಾರ, ಅದಕ್ಕ 30% ಬ್ಲೀಚಿಂಗ್ ಪುಡಿ ಸುಮಾರು 170 ಗ್ರಾಂ, ಆಮ್ಯಾಲೆ ಸಾವಿರ ಲೀಟರ್ ಮತ್ತ ಚರಂಡಿಗೆ. ಅದರ ಬದಲಿ 10 ಲೀಟರ್ ಬಕೆಟಿಗೆ 5% ಹೈಪೋ 40 ಮಿ.ಲೀ. ಹಾಕ್ರಿ, 200 ಪಿಪಿಎಂ ಆಗತೈತಿ. ಸ್ಪಂಜಿನಿಂದ ಗೋಡಿ, ಮುಚ್ಚಳದ ಒಳಮೈ, ಫ್ಲೋಟ್ ವಾಲ್ ಎಲ್ಲಾ ಒರೆಸಿ ಅರ್ಧ ತಾಸು ಒದ್ದಿ ಇಡ್ರಿ, ಆಮ್ಯಾಲೆ 20 ಲೀಟರಿನಿಂದ ತೊಳೆದು ತೆಗೀರಿ. 1,000 ಲೀಟರಿನ ಕೆಲಸ 30 ಲೀಟರಿನಾಗ ಮುಗೀತೈತಿ. ಹೈಪೋ ತೊಳೆದ ನೀರು ಗಿಡಕ್ಕ ಬ್ಯಾಡ, ಬಕೆಟಿನಾಗ ಒಂದು ದಿನ ಬಿಸಿಲಿಗಿಟ್ಟು ಫ್ಲಶ್‌ಗೆ ಹಾಕ್ರಿ.

ನೆಲದಡಿ ನೀರಿನ ಸಂಪಿನೊಳಗ ಒಬ್ಬನನ್ನೇ ಇಳಿಸಬ್ಯಾಡ್ರಿ, ಮುಚ್ಚಳ ಒಂದು ತಾಸು ತೆರೆದಿಡ್ರಿ, ಮ್ಯಾಲೆ ಹಗ್ಗ ಹಿಡಕೊಂಡು ಒಬ್ಬ ನಿಲ್ಲಲೇಬೇಕು, ಹೈಪೋ ಒಳಗ ಸಿಂಪಡಿಸಬಾರದು. ಸೆಪ್ಟಿಕ್ ಟ್ಯಾಂಕ್ ಕೇಳಿದ್ರ ಸಕ್ಕಿಂಗ್ ಗಾಡಿಗೆ ಹೇಳ್ರಿ. ರಕ್ಷಣಾ ಸಾಧನ ಇಲ್ಲದ ಮನುಷ್ಯರನ್ನ ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದಿ ಪ್ರಕಾರ ಅಪರಾಧ.

ಆರ್‌ಒ ಫಿಲ್ಟರ್ ಹೊರಗ ಬಿಟ್ಟ ನೀರಿನ್ಯಾಗ ನೆಲ ಒರೆಸಬ್ಯಾಡ್ರಿ, ಉಪ್ಪು ಜಾಸ್ತಿ, ಕರಿ ಗ್ರಾನೈಟ್ ಮ್ಯಾಲೆ ಬಿಳಿ ಪೊರಿ ಬರತೈತಿ. ಅದು ಫ್ಲಶ್‌ಗೆ. ಎಸಿ ನೀರು ಗಾಜು ಒರೆಸಾಕ ಭಾಳ ಚಲೋ, ಆದ್ರ ಮೇ ತಿಂಗಳಾಗ ನಂಬ್ಕೋಬ್ಯಾಡ್ರಿ. ನಮ್ಮ ಒಣ ಗಾಳಿಯಾಗ ಎಸಿ ಎಷ್ಟು ಓಡಿದ್ರೂ ನೀರು ಅಷ್ಟಕ್ಕಷ್ಟೇ. ಮಳಿಗಾಲದಾಗ ಬಕೆಟ್ ತುಂಬತೈತಿ. ಹಿಡಿದ ನೀರು ಅವತ್ತೇ ಖಾಲಿ ಮಾಡ್ರಿ.

ಶೇಂಗಾ_ಹೊಟ್ಟು, ಕೊಪ್ಪಳ

ಕಲ್ಯಾಣ ಮಂಟಪದ ಕಸ ಬ್ಯಾರೆನೇ ಲೆಕ್ಕ. ದಿನಕ್ಕ ಸರಾಸರಿ 100 ಕೆ.ಜಿ. ದಾಟಿದ್ರ ಬಲ್ಕ್ (ಭಾಳ ಕಸ ಹುಟ್ಟಿಸೋ ಜಾಗ) ಅಂತ ಹಿಡೀತಾರ, ಹಸಿ ಕಸ ಆದಷ್ಟು ಅಲ್ಲೇ ಕೊಳಿಸೋ ಹೊಣಿ ಮಂಟಪದ್ದು, ನಿಮ್ಮದಲ್ಲ. ಕಾಂಟ್ರಾಕ್ಟಿನಾಗ ಬರೆಸ್ಕೋರಿ. ಬಾಳಿ ಎಲಿ ಹಂಗೇ ಹಾಕಿದ್ರ ಚಾಪಿಯಂಗ ಒಂದರ ಮ್ಯಾಲೊಂದು ಕುಂತು ಗಾಳಿ ಆಡಂಗಿಲ್ಲ, ಕುಡಗೋಲಿಂದ ನಾಲ್ಕು ತುಂಡು ಮಾಡ್ರಿ. ಹೂವಿನ ಮಾಲಿಯಾಗಿನ ಪ್ಲಾಸ್ಟಿಕ್ ದಾರ ಎಳೀರಿ, ಬಾಳಿ ನಾರಾದ್ರ ಇರ್ಲಿ. ಎಲಿ ದನಕ್ಕ ಕೊಡೋದಾದ್ರ ಹಲ್ಲುಕಡ್ಡಿ ಆರಿಸಬೇಕು.

200 ಲೀಟರಿನ ನೀಲಿ ಡ್ರಮ್ಮಿಗೆ ಸುತ್ತಲೂ ತೂತು, ಇಟ್ಟಂಗಿ ಮ್ಯಾಲೆ ನಿಲ್ಸಿರಿ. ಒಂದು ಬಕೆಟ್ ಹಸಿ, ಎರಡು ಬಕೆಟ್ ಒಣ. ಒಣಕ್ಕ ಗಂಗಾವತಿ, ಕಾರಟಗಿ ಕಡೆ ಭತ್ತದ ಹೊಟ್ಟು ರಾಶಿರಾಶಿ ಸಿಗತೈತಿ, ಆದ್ರ ಬರೀ ಅದನ್ನೇ ಹಾಕಬ್ಯಾಡ್ರಿ. ಅದರಾಗ ಸಿಲಿಕಾ ಜಾಸ್ತಿ, ಎರಡು ತಿಂಗಳಾದ್ರೂ ಹೊಟ್ಟು ಹೊಟ್ಟಾಗೇ ಇರತೈತಿ. ಮೂರನೇ ಒಂದು ಪಾಲು ಅದು, ಉಳಿದದ್ದು ಒಡೆದ ಶೇಂಗಾ ಸಿಪ್ಪಿ, ಒಣ ಎಲಿ, ಶ್ರೆಡ್ಡರ್ ಕಾಗದ. ಹುಳಿ ಮಜ್ಜಿಗಿ ಒಂದು ಚೊಂಬು, ಸಗಣಿ ನೀರು. ವಾರಕ್ಕೆರಡು ಸಲ ತಿರುವಿ. ಮುಷ್ಟಿಯಾಗ ಹಿಂಡಿದ್ರ ಒಂದೆರಡು ಹನಿ ಬರಬೇಕು. ಬ್ಯಾಸಿಗ್ಯಾಗ ಬರಂಗಿಲ್ಲ, ಒಣಗಿ ನಿಂತುಬಿಡತೈತಿ. ಅದು ಕೊಳೀಲಿಲ್ಲ ಅಂತ ಮತ್ತ ಹೊಟ್ಟು ಹಾಕೋರು ಅದಾರ. ಬೇಕಾದ್ದು ನೀರು. ವ್ಯಾಕ್ಯೂಮಿನ ಕೆಂಪು ಧೂಳು ಮಾತ್ರ ಇದರಾಗ ಹಾಕಬ್ಯಾಡ್ರಿ.

ಹಗರಿ_ಗಾಳಿ, ಬಳ್ಳಾರಿ

ಬಹಳ ಉಪಕಾರ. ಸೋಮವಾರದಿಂದ ಬಕೆಟ್ ಎಣಿಕೆ, ಟ್ರಾಲಿ ರಿಂಗು, ಆಸಿಡ್ ಬಂದ್. ಪ್ಯಾಡು ಒಂದು ಬ್ಯಾಂಕಿಗೆ ಮಾತ್ರ ಮೊದಲು. ಕೊನೆಗೊಂದು: ಸ್ಪ್ರೇ ಬಾಟಲಿಯ ತಲೆ ತಿಂಗಳಿಗೆ ಹತ್ತು-ಹದಿನೈದು ಕೆಡ್ತವೆ. ಎಸೆಯೋದು ಬಿಟ್ಟು ದಾರಿ ಇದೆಯಾ?

ಪರಸಿ_ಕಲ್ಲು, ರಾಯಚೂರು

ಹತ್ತರಾಗ ಏಳು ಕೆಟ್ಟಿರಂಗಿಲ್ರಿ, ಕಟ್ಟಿರ್ತಾವ. ಬೋರ್ ನೀರಿನ ಸುಣ್ಣ, ಕೆಂಪು ಧೂಳು ನಾಜಲಿನಾಗ ಕುಂತಿರ್ತದ. ಮೊದಲು ಒಳಗಿನ ಪೈಪು ತಳ ಮುಟ್ಟೇದೇನು ನೋಡ್ರಿ, ಸುಮಾರು ಸಲ ಅದು ಕಳಚಿರ್ತದ ಅಷ್ಟೇ. ಆಮ್ಯಾಲ ಒಂದು ಲೋಟ ಬಿಸಿ ನೀರು, ಒಂದು ಚಮಚ ಸಿಟ್ರಿಕ್, ಎಲ್ಲಾ ತಲಿ ಅದರಾಗ ಒಂದು ತಾಸು. ಲೋಟದಾಗೇ ಇಪ್ಪತ್ತು ಸಲ ಒತ್ತಿ ಆ ನೀರು ಒಳಗ ಓಡಿಸ್ರಿ, ಕಡೀಗೆ ಬರೀ ನೀರು. ಹೈಪೋ ಹಾಕಿದ ಬಾಟಲಿ ತಲಿ ಈ ಲೋಟಕ್ಕ ಸೇರಿಸಬ್ಯಾಡ್ರಿ, ಮ್ಯಾಲ ಹೇಳಿದ ಗ್ಯಾಸಿನ ಕಥಿನೇ ಇಲ್ಲೂ. ಅದಕ್ಕೊಂದು ಕೆಂಪು ದಾರ ಕಟ್ಟಿ ಬ್ಯಾರೆ ಇಡ್ರಿ. ಸ್ಪ್ರಿಂಗು ತುಕ್ಕು ಹಿಡಿದಿದ್ರ ಮಾತ್ರ ಎಸೀರಿ. ನಾಜಲಿಗೆ ಪಿನ್ ಚುಚ್ಚಬ್ಯಾಡ್ರಿ, ತೂತು ದೊಡ್ಡದಾದ್ರ ಹನಿ ಹೋಗಿ ಧಾರಿ ಬೀಳ್ತದ, 10 ಮಿ.ಲೀ. ಸಾಕಾಗೋ ಕಡೆ 30 ಹೋಗ್ತದ.